ಹತ್ತೊಂಬತ್ತನೆಯ ಪ್ರಬಂಧಕ್ಕೆ ಮೂರು ಕೆಂಪು

ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಯಲ್ಲಿ ಎಲ್ಲರೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷ ಮೇಲಿನ ಮಹಡಿಯ ಡ್ರೆಸಿಂಗ್ ರೂಮಿನಲ್ಲಿ ಹುಣ್ಣು ತೊಳೆದು ಪಟ್ಟಿ ಕಟ್ಟಿದವಳು. ಬೆನ್ನು ಕೈಕೊಟ್ಟ ಮೇಲೆ ಸಂಜೆ ತರಗತಿಗೆ ಹೋಗಿ ಓದಿ, ಸಂಶೋಧನಾ ವಿಭಾಗಕ್ಕೆ ಇಳಿದು ಬಂದಿದ್ದಳು. ಬಿಳಿ ಸಮವಸ್ತ್ರ ಹೋಯಿತು, ಆ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಅವಳಿಗೆ ನಿಜವಾಗಿಯೂ ಒಬ್ಬ ತಂಗಿ ಇದ್ದಾಳೆ, ಆ ತಂಗಿ ಯಾರು ಅನ್ನುವುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಕೋಣೆಯ ಕೆಲಸ ಹೊರಗಿನವರಿಗೆ ಹೇಳಿದರೆ ಇದೂ ಒಂದು ಕೆಲಸವಾ ಅನ್ನುವ ಹಾಗಿತ್ತು. ಯಾವುದೋ ಒಂದು ಚಿಕಿತ್ಸೆಯ ಬಗ್ಗೆ ಜಗತ್ತಿನಲ್ಲಿ ಎಲ್ಲೆಲ್ಲಿ ಪ್ರಯೋಗ ನಡೆದಿದೆಯೋ ಅವನ್ನೆಲ್ಲ ಹುಡುಕಿ ತರುವುದು, ಒಂದೊಂದನ್ನೂ ಇಬ್ಬರು ಬೇರೆ ಬೇರೆ ಕೂತು ಓದುವುದು, ಎಷ್ಟು ನಂಬಬಹುದು ಎಂದು ನಾಲ್ಕು ಅಂಕಣಗಳಲ್ಲಿ ಬಣ್ಣ ಕೊಡುವುದು. ನಂಬಬಹುದಾದರೆ ಹಸಿರು, ಅನುಮಾನವಿದ್ದರೆ ಹಳದಿ, ನಂಬಲಾಗದಿದ್ದರೆ ಕೆಂಪು. ಆಮೇಲೆ ಇಬ್ಬರೂ ಎದುರುಬದುರು ಕೂತು ಬಣ್ಣ ತಾಳೆ ನೋಡುವುದು. ಇವರು ಕೊಟ್ಟ ವರದಿ ನೋಡಿಯೇ ಆಸ್ಪತ್ರೆಗಳು ಯಾವ ಪಟ್ಟಿ ಕಟ್ಟಬೇಕು, ಯಾವ ಮುಲಾಮು ಬಿಡಬೇಕು ಎಂದು ತೀರ್ಮಾನಿಸುತ್ತಿದ್ದವು.

ಆ ಸಲದ ವಿಷಯ ಕಾಲಿನ ವಾಸಿಯಾಗದ ಹುಣ್ಣು. ಒಟ್ಟು ಇಪ್ಪತ್ತಾರು ಪ್ರಬಂಧ. ಸಿಸ್ಟರ್‌ಗೆ ಜೊತೆಯಾಗಿದ್ದವರು ಮೇಷ್ಟ್ರು. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದು, ಈಗ ಇಲ್ಲಿ ಅಂಕಿ ಅಂಶ ನೋಡುವ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುವ ಮನುಷ್ಯ.

ಹತ್ತೊಂಬತ್ತನೆಯ ಪ್ರಬಂಧ ತೆರೆದಾಗ ಸಿಸ್ಟರ್ ಕುರ್ಚಿ ಮುಂದಕ್ಕೆಳೆದುಕೊಂಡಳು. ಮೊದಲ ಹೆಸರೇ ತಂಗಿಯದು. ಮದುವೆಯ ನಂತರ ಗಂಡನ ಮನೆತನದ ಹೆಸರು ಸೇರಿಸಿಕೊಂಡಿದ್ದರಿಂದ ಬೇರೆಯವರಿಗೆ ತಿಳಿಯುವಂತಿರಲಿಲ್ಲ. ಪ್ರಬಂಧ ಬಂದಿದ್ದು ದೊಡ್ಡ ಪತ್ರಿಕೆಯಲ್ಲಿ. ವಿಷಯ, ದಿಂಬು ಪಟ್ಟಿ.

ಆ ದಿಂಬು ಪಟ್ಟಿಯ ಹಿಂದೆ ಒಂದು ಕಥೆಯಿತ್ತು. ಅಪ್ಪ ಮೂವತ್ತು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಕಂಡಕ್ಟರ್ ಕೆಲಸ ಮಾಡಿದವರು. ನಿವೃತ್ತಿಯಾಗುವಷ್ಟರಲ್ಲಿ ಕಾಲಿನ ನರ ಉಬ್ಬಿ, ಎಡಪಾದದ ಮೇಲಿನ ಹರಡಿನ ಹಿಂದೆ ಒಂದು ಹುಣ್ಣಾಯಿತು. ಅಮ್ಮ ಹೋದ ಮೇಲೆ ಅವರು ದೊಡ್ಡ ಮಗಳ ಮನೆಯಲ್ಲೇ ಇದ್ದರು. ವಾರಕ್ಕೆ ಎರಡು ಸಲ ಅವಳೇ ಪಟ್ಟಿ ಬದಲಾಯಿಸುತ್ತಿದ್ದಳು. ಎಷ್ಟು ಬಿಗಿಯಾಗಿ ಸುತ್ತಿದರೂ ಹರಡಿನ ಮೂಳೆ ಪಟ್ಟಿಯನ್ನು ಎತ್ತಿ ಹಿಡಿಯುತ್ತಿತ್ತು, ಅದರ ಹಿಂದಿನ ಗುಳಿಗೆ ಒತ್ತಡವೇ ಬೀಳುತ್ತಿರಲಿಲ್ಲ. ಒಂದು ದಿನ ಹತ್ತಿಯನ್ನು ಅವರೆಬೀಜದ ಆಕಾರಕ್ಕೆ ಮಡಿಸಿ, ಗುಳಿಯಲ್ಲಿ ಕೂರಿಸಿ, ಮೇಲೆ ಪಟ್ಟಿ ಸುತ್ತಿದಳು. ಹುಣ್ಣು ಮೂರು ವಾರದಲ್ಲಿ ಅರ್ಧ ಆಯಿತು, ಆಮೇಲೆ ಮಾಯ್ದರೂ ಆಗಾಗ ಮತ್ತೆ ಬಾಯಿ ಬಿಡುತ್ತಿತ್ತು. ರಜೆಗೆ ಬಂದ ತಂಗಿ, ಆಗಿನ್ನೂ ಕಿರಿಯ ಡಾಕ್ಟರು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ಇದ್ಯಾಕೆ ಇಟ್ಟೆ?" ಎಂದು ಕೇಳಿದ್ದಳು. ಅಕ್ಕ ಹೇಳಿಕೊಟ್ಟಿದ್ದಳು.

ಐದು ವರ್ಷ ಕಳೆಯುವಷ್ಟರಲ್ಲಿ ಅದೇ ಹತ್ತಿಯ ದಿಂಬಿನ ಮೇಲೆ ನೂರ ನಲವತ್ತು ರೋಗಿಗಳ ಪ್ರಯೋಗ ಆಯಿತು. ತಂಗಿಗೆ ಸಮ್ಮೇಳನಗಳಲ್ಲಿ ಕರೆ ಬಂತು, ಹೆಗಲಿಗೆ ಶಾಲು ಬಿತ್ತು, ಟೀವಿಯಲ್ಲಿ ಎಂಟು ನಿಮಿಷ ಸಂದರ್ಶನ ಬಂತು. ಎಂಟು ನಿಮಿಷದಲ್ಲಿ ಅಕ್ಕನ ಸುದ್ದಿ ಒಂದು ಸಲವೂ ಬರಲಿಲ್ಲ. ಹೊಟ್ಟೆಗೆ ಕೆಂಡ ಬಿದ್ದ ಹಾಗಾಗಿದ್ದು ಅದರಿಂದಲೂ ಅಲ್ಲ, ಅಪ್ಪನಿಂದ. ಬಂದವರ ಮುಂದೆಲ್ಲ ಕಾಲು ಚಾಚಿ, "ನೋಡಿ, ಇದು ನಮ್ಮ ಪುಟ್ಟಿ ಕಂಡುಹಿಡಿದ ಪಟ್ಟಿ" ಅನ್ನುತ್ತಿದ್ದರು. ಹಾಗೆ ಅನ್ನುವಾಗ ಆ ಕಾಲು ದೊಡ್ಡ ಮಗಳ ತೊಡೆಯ ಮೇಲಿರುತ್ತಿತ್ತು, ಪಟ್ಟಿ ಅವಳ ಕೈಯಲ್ಲಿರುತ್ತಿತ್ತು.

"ಅಪ್ಪಾ, ಕಾಲು ಅಲ್ಲಾಡಿಸ್ಬೇಡಿ" ಎಂದಷ್ಟೇ ಅವಳು ಹೇಳುತ್ತಿದ್ದಳು.

ಕೆಲಸ ಶುರುವಾಗುವ ಮೊದಲು ಎಲ್ಲರೂ ಒಂದು ಫಾರಂ ತುಂಬಿದ್ದರು. ಕಂಪನಿಗಳಿಂದ ಏನಾದರೂ ಪಡೆದಿದ್ದೀರಾ? ಇಲ್ಲ. ಈ ಪ್ರಯೋಗಗಳಲ್ಲಿ ನೀವು ಭಾಗವಹಿಸಿದ್ದೀರಾ? ಇಲ್ಲ. ನಿಮ್ಮ ತೀರ್ಪು ವಾಲುವಂಥ ಬೇರೆ ಸಂಗತಿ ಏನಾದರೂ ಇದೆಯಾ? ಅಲ್ಲಿ ಪೆನ್ನು ನಿಂತಿತ್ತು. ದಿಂಬು ಪಟ್ಟಿಯೂ ಈ ರಾಶಿಯಲ್ಲಿ ಬಂದೇ ಬರುತ್ತದೆ ಎಂದು ಅವಳಿಗೆ ಆಗಲೇ ಗೊತ್ತಿತ್ತು. ತಂಗಿ ಅಂತ ನಾನೇನು ಅವಳ ಪರ ವಾಲುವವಳಲ್ಲವಲ್ಲ, ಇನ್ನೂ ಬಿಗಿಯಾಗಿಯೇ ನೋಡುತ್ತೇನೆ, ಅಂದುಕೊಂಡು ಜಾಗ ಖಾಲಿ ಬಿಟ್ಟಳು. ಮುಲಾಜಿಗೆ ಬೀಳದಿದ್ದರೆ ಸಾಕು, ಅದೇ ನ್ಯಾಯ, ಎಂದು ಆಗ ಅವಳು ಮನಸಾರೆ ನಂಬಿದ್ದಳು.

ಬಿಗಿಯಾಗಿ ನೋಡುವುದೇನು, ಮೊಸರಲ್ಲಿ ಕಲ್ಲು ಹುಡುಕಿದಳು. ಬೇರೆ ಪ್ರಬಂಧವನ್ನು ಒಂದೂವರೆ ಗಂಟೆಯಲ್ಲಿ ಮುಗಿಸುವವಳು ಇದನ್ನು ಮೂರು ದಿನ ಹಿಡಿದು ಕೂತಳು. ಊಟದ ಡಬ್ಬಿ ಪಕ್ಕದಲ್ಲಿ ತೆರೆದಿದ್ದ ಹಾಗೇ ಆರಿಹೋಗುತ್ತಿತ್ತು. ಯಾವ ರೋಗಿಗೆ ಯಾವ ಪಟ್ಟಿ ಎಂದು ಚೀಟಿ ಎತ್ತಿ ತೀರ್ಮಾನಿಸಿದ್ದಾರೆ, ಸರಿ. ಚೀಟಿಗಳನ್ನು ಮುಚ್ಚಿದ ಲಕೋಟೆಯಲ್ಲಿ ಇಟ್ಟಿದ್ದಾರೆ, ಸರಿ. ಆದರೆ ಆ ಲಕೋಟೆ ದಪ್ಪವೋ ತೆಳುವೋ? ಬೆಳಕಿಗೆ ಹಿಡಿದರೆ ಒಳಗಿನದು ಕಾಣುತ್ತಿತ್ತೋ ಏನೋ! ಕೆಂಪು. ಹುಣ್ಣು ಅಳೆದ ನರ್ಸಿಗೆ ಯಾವ ಪಟ್ಟಿ ಎಂದು ತಿಳಿಸಿರಲಿಲ್ಲವಂತೆ. ತಿಳಿಸದಿದ್ದರೇನು, ದಿಂಬಿಟ್ಟ ಜಾಗದಲ್ಲಿ ಚರ್ಮ ತಗ್ಗು ಬೀಳುತ್ತದೆ, ನನಗೆ ಗೊತ್ತಿಲ್ಲವೇ? ಕೆಂಪು. ಹನ್ನೊಂದು ಜನ ನಡುವೆಯೇ ಬಿಟ್ಟುಹೋಗಿದ್ದಾರೆ. ಅದಕ್ಕೂ ಕೆಂಪು.

ಮೂರನೆಯ ಕೆಂಪು ಬಿದ್ದಾಗ ಮೈಯೆಲ್ಲ ಹಗುರಾಯಿತು. ಬಹಳ ದಿನದಿಂದ ಕಾಲಲ್ಲಿ ಮುರಿದುಕೊಂಡಿದ್ದ ಮುಳ್ಳು ಹೊರಬಂದ ಹಾಗೆ. ಆ ದಿನ ಸಂಜೆ ಅಪ್ಪನಿಗೆ ಪಟ್ಟಿ ಕಟ್ಟುವಾಗ ಅವಳು ಏನೋ ಗುನುಗುತ್ತಿದ್ದಳು. "ಏನಮ್ಮಾ, ಇವತ್ತು ಬಹಳ ಖುಷಿಯಲ್ಲಿದ್ದೀಯ?" ಎಂದರು ಅಪ್ಪ.

"ಏನಿಲ್ಲಪ್ಪ. ಕೆಲಸ ಚೆನ್ನಾಗಿ ಆಯ್ತು."

ಮುಂದಿನ ವಾರ ಬಣ್ಣ ತಾಳೆ ನೋಡಲು ಮೇಷ್ಟ್ರ ಎದುರು ಕೂತಳು. ಹದಿನೆಂಟರವರೆಗೆ ಇಬ್ಬರ ಗಾಡಿ ಸಲೀಸಾಗಿ ಓಡಿತು. ಹತ್ತೊಂಬತ್ತಕ್ಕೆ ಬಂದಾಗ ಮೇಷ್ಟ್ರ ಹಾಳೆಯಲ್ಲಿ ಮೂರು ಹಸಿರು, ಒಂದು ಹಳದಿ. ಅವಳದರಲ್ಲಿ ಮೂರು ಕೆಂಪು, ಒಂದು ಹಳದಿ.

"ಇದೇನು ಸಿಸ್ಟರ್, ಒಂದೇ ಪೇಪರ್ ಓದಿದ್ವಾ ನಾವು?" ಎಂದು ಮೇಷ್ಟ್ರು ನಕ್ಕರು.

ಅವಳು ನಗಲಿಲ್ಲ. ಲಕೋಟೆಯ ವಾದ ಶುರು ಮಾಡಿದಳು. ಮಾತು ಒಂದಕ್ಕೆ ಎರಡಾಗಿ, ದನಿ ಏರಿತು. ಕಿಟಕಿ ಪಕ್ಕದ ಮೇಜಿನ ಹುಡುಗಿಯರು ತಲೆಯೆತ್ತಿ ನೋಡಿದರು. "ನೀವು ಅಂಕಿ ನೋಡೋರು ಮೇಷ್ಟ್ರೇ, ಹುಣ್ಣು ತೊಳೆದೋರಲ್ಲ. ದೊಡ್ಡ ಪತ್ರಿಕೆಯಲ್ಲಿ ಬಂದಿದೆ ಅಂದ್ರೆ ಸಾಕು, ಕಣ್ಣು ಮುಚ್ಕೊಂಡು ಹಸಿರು ಬಳಿಯೋದಾ?"

ಮೇಷ್ಟ್ರು ತಿರುಗಿ ಜಗಳಕ್ಕೆ ನಿಲ್ಲಲಿಲ್ಲ. ಕಡತದಿಂದ ಏಳನೆಯ ಪ್ರಬಂಧ ತೆಗೆದು, ಹತ್ತೊಂಬತ್ತರ ಪಕ್ಕದಲ್ಲಿಟ್ಟು, ಎರಡರಲ್ಲೂ ಒಂದೊಂದು ಸಾಲಿನ ಕೆಳಗೆ ಪೆನ್ಸಿಲ್ ಎಳೆದರು. 'ಚೀಟಿಗಳನ್ನು ಮುಚ್ಚಿದ ಲಕೋಟೆಗಳಲ್ಲಿ ಇಡಲಾಗಿತ್ತು.' ಎರಡರಲ್ಲೂ ಅಕ್ಷರ ಅಕ್ಷರ ಅದೇ ಸಾಲು.

"ಏಳಕ್ಕೆ ನೀವು ಹಸಿರು ಕೊಟ್ಟಿದ್ದೀರಿ."

ಅವಳು ಎರಡೂ ಸಾಲನ್ನು ಮತ್ತೆ ಓದಿದಳು.

"ಹನ್ನೆರಡರಲ್ಲಿ ನೂರಿಪ್ಪತ್ತಕ್ಕೆ ಹತ್ತೊಂಬತ್ತು ಜನ ಬಿಟ್ಟು ಹೋಗಿದ್ದಾರೆ. ಅದಕ್ಕೂ ಹಸಿರು. ಇಲ್ಲಿ ನೂರ ನಲವತ್ತಕ್ಕೆ ಹನ್ನೊಂದು. ಇದಕ್ಕೆ ಕೆಂಪು." ಮೇಷ್ಟ್ರು ಹಾಳೆಯ ತುದಿಯಲ್ಲಿ ಸಮಯ ಬರೆಯುವ ಅಂಕಣದ ಮೇಲೆ ಬೆರಳಿಟ್ಟರು. "ಉಳಿದವಕ್ಕೆಲ್ಲ ಒಂದು, ಒಂದೂವರೆ ಗಂಟೆ. ಇದಕ್ಕೆ ಒಂಬತ್ತು ಗಂಟೆ. ನೀವೇ ಬರೆದಿದ್ದೀರಿ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಸಿಸ್ಟರ್, ಇವರು ನಿಮಗೇನಾಗ್ಬೇಕು?"

ಮಾತಿಗೆ ಕೇಳುವ ಪ್ರಶ್ನೆ ಅದು. ಅವರ ಮೇಲೆ ಇಷ್ಟೇಕೆ ಸಿಟ್ಟು ಅನ್ನುವುದಕ್ಕೆ ಎಲ್ಲರೂ ಹಾಗೆಯೇ ಕೇಳುತ್ತಾರೆ. ಆದರೆ ಅವಳ ಬಾಯಿಂದ ಇದ್ದದ್ದು ಇದ್ದ ಹಾಗೇ ಬಂದುಬಿಟ್ಟಿತು.

"ತಂಗಿ."

ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. ಹತ್ತಿರದಲ್ಲೆಲ್ಲೋ ಬಟ್ಟೆ ಒಗೆಯುವ ಯಂತ್ರ ಗುಡುಗುಡು ಅನ್ನುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. "ಒಡಹುಟ್ಟಿದ ತಂಗಿ," ಎಂದು ಮತ್ತೆ ಹೇಳಿದಳು.

"ಹಾಗಾದ್ರೆ ಇದು ನಮ್ಮಿಬ್ಬರಲ್ಲಿ ಮುಗಿಯೋ ವಿಷಯ ಅಲ್ಲ. ಮೇಡಂಗೆ ಹೇಳ್ಬೇಕು. ನಾನು ಹೇಳ್ಲಾ, ನೀವು ಹೇಳ್ತೀರಾ?"

ಅವಳೇ ಹೋಗಿ ಹೇಳಿದಳು. ವಿಭಾಗದ ಮುಖ್ಯಸ್ಥೆ ಮೇಡಂ ಕಡ್ಡಿ ಮುರಿದ ಹಾಗೆ ಮಾತಾಡುವವರು. ಫಾರಂ ತರಿಸಿ, ಖಾಲಿ ಜಾಗ ನೋಡಿ, "ಇಲ್ಲಿ ಒಂದು ಪದ ಬರೆದಿದ್ರೆ ಸಾಕಿತ್ತಲ್ಲ" ಎಂದರು.

"ನಾನು ಅವಳ ಪರ ಹೋಗಲ್ಲ ಅಂತ..."

"ಪರ ಹೋಗೋದು ಮಾತ್ರ ವಾಲೋದಾ? ತಕ್ಕಡಿ ಈ ಕಡೆ ಬಗ್ಗಿದ್ರೂ ತಪ್ಪೇ, ಆ ಕಡೆ ಬಗ್ಗಿದ್ರೂ ತಪ್ಪೇ. ಹುಣ್ಣಿರೋ ರೋಗಿಗೆ ನಿಮ್ಮನೆ ಜಗಳ ಯಾಕೆ?"

ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೆ ಮೇಡಂ ಅಲ್ಲಿಗೇ ನಿಲ್ಲಿಸಿ, ಮೇಷ್ಟ್ರನ್ನೂ ಕರೆಸಿ ಕೂರಿಸಿಕೊಂಡು ಮುಂದೇನು ಮಾಡಬೇಕು ಎಂದು ಯೋಚಿಸಿದರು. ಸಿಸ್ಟರ್ ಬಣ್ಣ ಕೊಡುವ ಕೆಲಸದಿಂದ ಹೊರಗೆ. ಇಪ್ಪತ್ತಾರೂ ಪ್ರಬಂಧ ಬೇರೆ ಊರಿನ ಇಬ್ಬರು ಓದುಗರಿಗೆ ಹೋಗಬೇಕು, ಬರೆದವರ ಹೆಸರು, ಪತ್ರಿಕೆಯ ಹೆಸರು ಎಲ್ಲ ಮುಚ್ಚಿ. ಎಂಥ ಲಕೋಟೆಗೆ ಹಸಿರು, ಎಷ್ಟು ಜನ ಬಿಟ್ಟುಹೋದರೆ ಕೆಂಪು ಎಂದು ಓದುವ ಮೊದಲೇ ಬರೆದಿಡಬೇಕು, ಓದಿದ ಮೇಲೆ ಬದಲಾಯಿಸುವಂತಿಲ್ಲ. ಫಾರಂನಲ್ಲಿ ನೆಂಟರ ಬಗ್ಗೆ ನೇರ ಪ್ರಶ್ನೆ ಇರಬೇಕು, ಬಂಧು, ಗೆಳೆಯ, ಹಗೆ, ಹಳೆಯ ಗುರು, ಯಾರೇ ಆಗಲಿ. ಆ ನಿಯಮಗಳನ್ನು ಬರೆಯುವ ಕೆಲಸ ಮಾತ್ರ ಅವಳಿಗೇ ಬಂತು. "ಜಾರಿದ ಜಾಗ ನಿಮಗೇ ಚೆನ್ನಾಗಿ ಗೊತ್ತಲ್ಲ," ಎಂದರು ಮೇಡಂ. ಅದು ಚುಚ್ಚುಮಾತೋ ನಂಬಿಕೆಯೋ ಅವಳಿಗೆ ತಿಳಿಯಲಿಲ್ಲ.

ಎರಡು ತಿಂಗಳು ಹೋಯಿತು. ಹೊಸ ಓದುಗರ ಬಣ್ಣದ ಹಾಳೆ ಬಂತು. ಹತ್ತೊಂಬತ್ತಕ್ಕೆ ಲಕೋಟೆ ಹಳದಿ, ಏಳಕ್ಕೂ ಹಳದಿ. ಅಳತೆ ಹಸಿರು, ಬಿಟ್ಟುಹೋದವರು ಹಸಿರು. ಆದರೆ ಮೊದಲು ಹೇಳಿದ್ದನ್ನೇ ಅಳೆದು ಬರೆದಿದ್ದಾರಾ ಅನ್ನುವ ನಾಲ್ಕನೆಯ ಅಂಕಣದಲ್ಲಿ ಕೆಂಪು.

ಅಲ್ಲಿ ಅವರು ಮಾಡಿದ್ದು ಬಹಳ ಸರಳ ಕೆಲಸ. ಪ್ರಯೋಗ ಶುರುವಾಗುವ ಮೊದಲೇ ಏನನ್ನು, ಯಾವಾಗ ಅಳೆಯುತ್ತೇವೆ ಎಂದು ಸಾರ್ವಜನಿಕ ನೋಂದಣಿಯಲ್ಲಿ ಬರೆದಿಡಬೇಕು. ಅದರ ನಕಲನ್ನೂ ಹೆಸರು ಮುಚ್ಚಿ ಕೊಡಲಾಗಿತ್ತು, ಓದುಗರು ಪ್ರಬಂಧದ ಪಕ್ಕ ಅದನ್ನಿಟ್ಟು ನೋಡಿದರು. ನೋಂದಣಿಯಲ್ಲಿ ಇದ್ದದ್ದು ಹನ್ನೆರಡನೆಯ ವಾರದ ಫಲಿತಾಂಶ. ಪ್ರಬಂಧದಲ್ಲಿ ಬಂದದ್ದು ಆರನೆಯ ವಾರದ್ದು. ಹನ್ನೆರಡರ ಸುದ್ದಿಯೇ ಇಲ್ಲ.

ಮೇಷ್ಟ್ರು ತಲೆಗೆ ಕೈ ಹೊತ್ತು ಕೂತರು. "ನಾನೂ ನೋಡ್ಲಿಲ್ಲ ಸಿಸ್ಟರ್. ನೀವು ಅವತ್ತು ಬೈದದ್ದು ಸರಿಯೇ. ಇಷ್ಟು ದೊಡ್ಡ ಪತ್ರಿಕೆ, ಅವರು ನೋಡಿರ್ತಾರೆ ಅಂತ ನಂಬಿಬಿಟ್ಟೆ."

ಸಿಸ್ಟರ್‌ಗೆ ಮೊದಲು ಆಗಿದ್ದು ಸಂತೋಷ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತಂಗಿ ಸಿಕ್ಕಿಬಿದ್ದಳು ಎಂಬ ಸಂತೋಷ. ಅದರ ಹಿಂದೆಯೇ ಒಂದು ಅವಮಾನವೂ ಬಂತು. ಒಂಬತ್ತು ಗಂಟೆ ಕಣ್ಣಲ್ಲಿ ಕಣ್ಣಿಟ್ಟು ಕೂತರೂ ಇದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನೋಡಬೇಕಾದ್ದನ್ನು ಬಿಟ್ಟು, ನೋಡಲು ಇಷ್ಟವಿದ್ದದ್ದನ್ನೇ ನೋಡುತ್ತಿದ್ದಳು.

ಮೇಡಂ ಬರೆದವರಿಗೆ ಪತ್ರ ಕಳಿಸಿ ಹನ್ನೆರಡನೆಯ ವಾರದ ಅಂಕಿಗಳನ್ನು ಕೇಳಿದರು. ಪತ್ರ ಹೋದ ನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ, ಹೇಳದೆ ಕೇಳದೆ ತಂಗಿ ಬಂದಳು. ಅಕ್ಕ ಬಚ್ಚಲ ಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಪಟ್ಟಿ ಬಿಚ್ಚುತ್ತಿದ್ದಳು.

"ಓ ಪುಟ್ಟಿ! ಬಾ ಬಾ," ಎಂದರು ಅಪ್ಪ.

ತಂಗಿ ಚಪ್ಪಲಿ ಬಿಟ್ಟವಳೇ ಬಾಗಿಲಲ್ಲಿ ನಿಂತಳು. "ನೀನೇ ತಾನೇ ಇದನ್ನ ಮಾಡ್ಸಿದ್ದು?"

"ಏನು?"

"ಆ ಕಾಗದ ನಿಮ್ಮ ವಿಭಾಗದಿಂದ ಬಂದಿದೆ ಅಕ್ಕ. ನನಗೇನು ಗೊತ್ತಾಗಲ್ವಾ? ಇಷ್ಟು ವರ್ಷ ನನ್ನ ಫೋನಿಗೆ ಹೂಂ, ಉಹೂಂ ಅನ್ಕೊಂಡು ಬಂದೋಳು ನೀನು. ಹೊಟ್ಟೆಕಿಚ್ಚಿರಲಿ, ಆದ್ರೆ ಇಷ್ಟಾ?"

ಅಕ್ಕ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಹುಣ್ಣಿನ ಅಂಚು ಒರೆಸಿದಳು. ಆಮೇಲೆ ಕೊಟ್ಟ ಉತ್ತರ ಅವಳ ಸ್ವಂತ ಕಿವಿಗೇ ವಿಚಿತ್ರವಾಗಿ ಕೇಳಿಸಿತು.

"ಹೊಟ್ಟೆಕಿಚ್ಚು ನಿಜ. ನಿನ್ನ ಪೇಪರಿಗೆ ಮೂರು ಕೆಂಪು ಕೊಟ್ಟಿದ್ದೆ. ಮೂರೂ ಸುಳ್ಳು. ಜೊತೆಯವರು ಹಿಡಿದ್ರು, ನನ್ನನ್ನ ತೆಗೆದುಹಾಕಿದ್ರು. ಆದ್ರೆ ಹನ್ನೆರಡನೇ ವಾರದ್ದು ಕಂಡುಹಿಡಿದೋಳು ನಾನಲ್ಲ. ನನಗೆ ಅದು ಕಾಣಲೇ ಇಲ್ಲ. ನಿನ್ನ ಹೆಸರೂ ಗೊತ್ತಿಲ್ಲದೋರು ಹಿಡಿದಿದ್ದಾರೆ."

ತಂಗಿ ಹೊಸ್ತಿಲ ಮೇಲೆಯೇ ಕೂತಳು.

"ನಮ್ಮ ದೊಡ್ಡ ಡಾಕ್ಟರು ಹೇಳಿದ್ರು, ಆರನೇ ವಾರದ್ದೇ ಹಾಕು, ಚೆನ್ನಾಗಿ ಕಾಣುತ್ತೆ ಅಂತ," ಎಂದಳು. "ಹನ್ನೆರಡಕ್ಕೆ ಬರುವಷ್ಟರಲ್ಲಿ ಮಾಮೂಲಿ ಪಟ್ಟಿಯವರಿಗೂ ವಾಸಿ ಆಗಿತ್ತು. ಐದೇ ಜನರ ವ್ಯತ್ಯಾಸ. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ."

"ಯಾಕೆ?"

"ಏನೂ ಇಲ್ಲ ಅಂತಾಗಿಬಿಟ್ರೆ ನಿನ್ನ ಮುಂದೆ ಯಾವ ಮುಖ ಹೊತ್ಕೊಂಡು ಬರ್ಲಿ? ಯೋಚನೆ ನಿನ್ನದು. ಅದನ್ನ ತಗೊಂಡು ಹೋಗಿ ಕೆಡಿಸಿದೆ ಅಂತಾಗುತ್ತಿತ್ತು." ತಂಗಿ ಮೂಗೆಳೆದಳು. "ಟೀವಿಯವರು ಕೇಳಿದಾಗ ನಿನ್ನ ಹೆಸರು ನಾಲಿಗೆ ತುದೀಲೇ ಇತ್ತು. ಹೇಳಿಬಿಟ್ರೆ ನನ್ನದು ಅಂತ ಏನು ಉಳಿಯುತ್ತೆ ಅನ್ನಿಸ್ತು. ನಿನ್ನ ಕೈ ನೋಡಿ ನನಗೆ ಚಿಕ್ಕಂದಿನಿಂದ ಹೊಟ್ಟೆಯುರಿ ಅಕ್ಕ. ಅಷ್ಟು ಡಾಕ್ಟರಿಕೆ ಓದಿದ್ರೂ ನನಗೆ ನಿನ್ನ ಹಾಗೆ ಒಂದು ಪಟ್ಟಿ ಸುತ್ತೋಕೆ ಬರಲ್ಲ."

ಅಪ್ಪ ಒಬ್ಬಳಿಂದ ಇನ್ನೊಬ್ಬಳ ಕಡೆಗೆ ಮಿಕಮಿಕ ನೋಡುತ್ತಿದ್ದರು. "ಹಾಗಾದ್ರೆ ಈ ಪಟ್ಟಿ ಕಂಡುಹಿಡಿದಿದ್ದು ಯಾರು?" ಎಂದು ಕೇಳಿದರು.

"ಅಕ್ಕ," ಎಂದಳು ತಂಗಿ.

"ಮೊದಲೇ ಹೇಳ್ಬಾರ್ದಾ? ಊರಿಗೆಲ್ಲ ತಪ್ಪು ಹೇಳ್ಕೊಂಡು ಬಂದೆನಲ್ಲ," ಎಂದು ಅಪ್ಪ ಸಿಡುಕಿದರು. ಇಬ್ಬರಿಗೂ ನಗು ಬಂತು, ಆದರೆ ಯಾರೂ ಇನ್ನೊಬ್ಬರ ಮುಖ ನೋಡಿ ನಗಲಿಲ್ಲ. ಅಕ್ಕ ಪಟ್ಟಿ ಕಟ್ಟಿ ಮುಗಿಸಿದಳು. ತಂಗಿ ಊಟಕ್ಕೆ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಅಂಕಿಗಳು ಬಂದವು. ತಂಗಿ ಒಂದನ್ನೂ ಮುಚ್ಚಿಡದೆ ಕಳಿಸಿದ್ದಳು. ಆರನೆಯ ವಾರದಲ್ಲಿ ದಿಂಬು ಪಟ್ಟಿಯವರು ನಲವತ್ತೊಂದು ಜನ ಗುಣವಾಗಿದ್ದರೆ, ಮಾಮೂಲಿ ಪಟ್ಟಿಯವರು ಇಪ್ಪತ್ತನಾಲ್ಕು. ಹನ್ನೆರಡನೆಯ ವಾರದಲ್ಲಿ ಐವತ್ತೆರಡಕ್ಕೆ ನಲವತ್ತೇಳು. ವರದಿಯಲ್ಲಿ ಕೊನೆಗೆ ಬಂದ ವಾಕ್ಯ ಇಷ್ಟು: ದಿಂಬಿಟ್ಟರೆ ಹುಣ್ಣು ಬೇಗ ಮಾಯಬಹುದು, ಹೆಚ್ಚು ಜನರಿಗೆ ಮಾಯುತ್ತದೆ ಎಂದು ಹೇಳಲು ಪುರಾವೆ ಸಾಲದು. ಬರೆದವರ ಪಟ್ಟಿಯಲ್ಲಿ ಸಿಸ್ಟರ್ ಹೆಸರಿರಲಿಲ್ಲ. ಒಬ್ಬ ಸದಸ್ಯೆಯನ್ನು ನೆಂಟಸ್ತಿಕೆಯ ಕಾರಣ ಮೌಲ್ಯಮಾಪನದಿಂದ ತೆಗೆಯಲಾಯಿತು, ನಂತರ ಎಲ್ಲ ಪ್ರಬಂಧಗಳನ್ನೂ ಮತ್ತೆ ಓದಿಸಲಾಯಿತು ಎಂದು ಒಂದು ಸಾಲು ಇತ್ತು. ಅದನ್ನೂ ಅವಳೇ ಬರೆದುಕೊಟ್ಟಿದ್ದಳು. ಎರಡು ವರ್ಷದ ಕೆಲಸ ಹಾಗೆ ಕೈಬಿಟ್ಟುಹೋಯಿತು.

ತಂಗಿಯ ಪ್ರಬಂಧ ಬಂದಿದ್ದ ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ದೊಡ್ಡ ಡಾಕ್ಟರು ಅವಳ ಮೇಲೆ ಕೆಂಡ ಕಾರಿದರಂತೆ. ತಿದ್ದುಪಡಿಯ ಕೊನೆಯಲ್ಲಿ, ದಿಂಬಿನ ಯೋಚನೆ ತನ್ನ ಅಕ್ಕನದು, ಅವರು ನರ್ಸ್ ಆಗಿದ್ದವರು, ಎಂದಿತ್ತು. ಸಿಸ್ಟರ್ ಅದನ್ನು ಎರಡು ಸಲ ಓದಿದಳು. ಸಮಾಧಾನವಾಗಬೇಕಿತ್ತು. ಆದರೆ 'ಆಗಿದ್ದವರು' ಅನ್ನುವ ಪದ ಯಾಕೆ ಬೇಕಿತ್ತು, ಅಕ್ಷರ ಯಾಕೆ ಇಷ್ಟು ಸಣ್ಣದು ಎಂದು ಒಳಗಿನಿಂದ ಯಾರೋ ತಕರಾರು ತೆಗೆಯುತ್ತಿದ್ದರು. ಆ ದನಿ ಯಾರದು ಎಂದು ಅವಳಿಗೆ ಈಗ ಗುರುತು ಸಿಗುತ್ತಿತ್ತು, ಅದಷ್ಟೇ ಬದಲಾವಣೆ.

ಮುಂದಿನ ವರ್ಷ ತಂಗಿ ಇನ್ನೊಂದು ಪ್ರಯೋಗಕ್ಕೆ ಕೈ ಹಾಕಿದಳು. ಈ ಸಲ ಶುರುವಾಗುವ ಮೊದಲೇ ಯೋಜನೆಯ ಪ್ರತಿಯನ್ನು ಅಕ್ಕನಿಗೆ ಕಳಿಸಿ, "ಎಲ್ಲೆಲ್ಲಿ ತಪ್ಪಿದೆ ಗುರುತು ಹಾಕು. ನಿನ್ನಷ್ಟು ಆಸೆಯಿಂದ ಯಾರೂ ಹುಡುಕಲ್ಲ," ಎಂದು ಬರೆದಿದ್ದಳು. ಅಕ್ಕ ಮೂರು ದಿನ ಕೂತು ಹನ್ನೊಂದು ತಕರಾರು ಬರೆದಳು. ಕಳಿಸುವ ಮೊದಲು ಆ ಹಾಳೆಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟು, "ಇದರಲ್ಲಿ ಹೊಟ್ಟೆಯಿಂದ ಬಂದದ್ದೆಷ್ಟು, ತಲೆಯಿಂದ ಬಂದದ್ದೆಷ್ಟು, ಸ್ವಲ್ಪ ನೋಡಿ," ಎಂದಳು.

ಮೇಷ್ಟ್ರು ಪೆನ್ಸಿಲ್ ಹುಡುಕಿ, ಎರಡನ್ನು ಹೊಡೆದುಹಾಕಿದರು. ಒಂದರ ಬಗ್ಗೆ ಅವಳು ಅರ್ಧ ಗಂಟೆ ವಾದ ಮಾಡಿದಳು. ಕೊನೆಗೆ ಒಂಬತ್ತನ್ನು ಶುದ್ಧ ಪ್ರತಿ ಮಾಡಿ ತಂಗಿಗೆ ಕಳಿಸಿದಳು.